ಬೀಗಿತ್ತಿಯ ಜೊತೆ ಬೇಟೆಗೆ ಹೊರಟದ್ದು

ನಮ್ಮ ಮಂಡ್ಯದ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುತ್ತಾರೆ. ಹಿರಿಯರು ನಾಲ್ಕು ಜನ ಹೋಗಿ ಜಗಲಿಯ ಮೇಲೆ ಕೂತು, ಮಳೆ ಬೆಳೆ ಮಾತಾಡುವ ನೆಪದಲ್ಲಿ ಕೊಟ್ಟಿಗೆ ನೋಡುತ್ತಾರೆ, ಹಿತ್ತಿಲು ನೋಡುತ್ತಾರೆ, ಆ ಮನೆಯ ಅತ್ತೆ ಯಾರನ್ನು ಯಾವ ದನಿಯಲ್ಲಿ ಕೂಗುತ್ತಾಳೆ ಎಂದು ಕಿವಿಗೊಟ್ಟು ಕೇಳುತ್ತಾರೆ. ನೀರು ಕೊಟ್ಟರೆ ಕುಡಿಯಬಹುದು. ಊಟಕ್ಕೆ ಏಳಿ ಎಂದರೆ ಮಾತ್ರ ಏನಾದರೊಂದು ಸಬೂಬು ಹೇಳಿ ಎದ್ದು ಬರಬೇಕು. ಮನಸ್ಸು ಒಪ್ಪುವ ತನಕ ಆ ಮನೆಯದು ಏನನ್ನೂ ತಿನ್ನುವ ಹಾಗಿಲ್ಲ.

ನನ್ನ ಮಗಳ ವಿಷಯದಲ್ಲಿ ಇದೊಂದೂ ನಡೆಯಲಿಲ್ಲ. ಅವಳು ಹುಟ್ಟಿ ಬೆಳೆದದ್ದು ನಾವು ಬಂದು ನೆಲೆಸಿದ ಸನ್ನಿವೇಲಿನಲ್ಲಿ, ಕೆಲಸ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಹುಡುಗ ಸಿಕ್ಕಿದ್ದು ಆಫೀಸಿನ ಕಾಫಿ ಮಷೀನಿನ ಎದುರು. ಒಂದು ದಿನ ಅವನನ್ನು ಮನೆಗೆ ಕರೆತಂದು, ಮದುವೆಯಾಗುತ್ತೇವೆ ಎಂದಳು. ಹುಡುಗನ ಮೇಲೆ ನನಗೆ ತಕರಾರಿಲ್ಲ. ಎತ್ತರದ ಬಿಳಿ ಹುಡುಗ, ಮಾತು ಕಡಿಮೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದನ್ನು ಒಂದೇ ಸಲಕ್ಕೆ ಕಲಿತ. ಬೆಂಗಳೂರಿನಲ್ಲಿರುವ ನನ್ನ ನಾದಿನಿಯ ಮಕ್ಕಳಿಗೆ ಅದು ಇವತ್ತಿಗೂ ಬಂದಿಲ್ಲ. ನನ್ನ ತಲೆ ತಿನ್ನುತ್ತಿದ್ದುದು ಬೇರೆ. ಮದುವೆಯಾದ ಮೇಲೆ ಇಬ್ಬರೂ ಟೆಕ್ಸಾಸಿಗೆ ಹೋಗುತ್ತಾರಂತೆ. ಸ್ವಂತ ಮನೆ ಆಗುವ ತನಕ ಹುಡುಗನ ತಾಯಿಯ ಮನೆಯಲ್ಲೇ ಇರುತ್ತಾರಂತೆ. ಅಂದರೆ ನನ್ನ ಮಗಳು ಅತ್ತೆಯ ಅಡುಗೆಮನೆಗೆ ಹೋಗುತ್ತಾಳೆ, ಆ ಅಡುಗೆಮನೆಯನ್ನು ನಮ್ಮ ಕಡೆಯ ಒಬ್ಬರೂ ನೋಡಿಲ್ಲ.

"ವಿಡಿಯೋ ಕಾಲಲ್ಲಿ ನೋಡಿದ್ವಲ್ಲೇ," ಎಂದರು ನನ್ನ ಗಂಡ.

"ವಿಡಿಯೋ ಕಾಲಲ್ಲಿ ಎಲ್ರೂ ಒಳ್ಳೆಯವರೇ ರೀ," ಎಂದೆ.

ಹುಡುಗನ ತಾಯಿ ಪಶುವೈದ್ಯೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮೊದಲ ವಿಡಿಯೋ ಕಾಲಿನಲ್ಲಿ ಅವರು ಮಾತಾಡಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ನಾನು ಕೇಳಿದ್ದಕ್ಕೆಲ್ಲ ಒಂದು "ಹ್ಞೂಂ". ಹೊಗಳಿದರೋ ಸಹಿಸಿಕೊಂಡರೋ ಗೊತ್ತಾಗದಂಥ ಹ್ಞೂಂ. ಇನ್ನೇನು ಕಾಲ್ ಮುಗಿಯಬೇಕು ಅನ್ನುವಾಗ ಇದ್ದಕ್ಕಿದ್ದ ಹಾಗೆ, "ನವೆಂಬರಿನಲ್ಲಿ ಬನ್ನಿ. ನನ್ನ ಜೊತೆ ಜಿಂಕೆ ಬೇಟೆಗೆ ಕೂರುವಿರಂತೆ," ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ತಲೆಯೊಳಗೆ ಅವರು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತೇನೆ.

ಜಿಂಕೆ ಬೇಟೆ ಎಂದ ಕೂಡಲೇ ನನಗೆ ನೆನಪಾದದ್ದು ಪೊಲೀಸರು. ನಮ್ಮ ದೇಶದಲ್ಲಿ ಜಿಂಕೆ ಹೊಡೆದರೆ ನೇರವಾಗಿ ಜೈಲು. ಟೆಕ್ಸಾಸಿನಲ್ಲಿ ಬಿಳಿಬಾಲದ ಜಿಂಕೆ ಬೇಕಾದಷ್ಟಿವೆಯಂತೆ, ಲೈಸೆನ್ಸು ತೆಗೆದುಕೊಂಡು ಕಾಲಕ್ಕೆ ಸರಿಯಾಗಿ ಬೇಟೆಯಾಡುತ್ತಾರಂತೆ, ಆ ಮಾಂಸವನ್ನೇ ವರ್ಷವಿಡೀ ಫ್ರೀಜರಿನಲ್ಲಿಟ್ಟುಕೊಂಡು ಉಣ್ಣುತ್ತಾರಂತೆ. ಕೋವಿ ಅವರದು, ಹೊಡೆಯುವವರೂ ಅವರೇ. ನನಗೆ ಬೈನಾಕ್ಯುಲರು ಮಾತ್ರ. ಯೋಚಿಸಿ ನೋಡಿದೆ. ಇಬ್ಬರು ಹೆಂಗಸರು ಬೆಳಗಿಂದ ಸಂಜೆಯವರೆಗೆ ಒಂದೇ ಕಡೆ ಪಿಟಕ್ಕೆನ್ನದೆ ಕೂತರೆ ಒಬ್ಬರ ಗುಣ ಇನ್ನೊಬ್ಬರಿಗೆ ತಿಳಿಯದೆ ಇರುತ್ತದೆಯೇ? ಮನೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಬರುತ್ತೇನೆ ಎಂದುಬಿಟ್ಟೆ. ಪಕ್ಕದಲ್ಲಿದ್ದ ಗಂಡ ಕುರ್ಚಿಯ ಸಮೇತ ನನ್ನ ಕಡೆ ತಿರುಗಿದರು.

ಮುಂದಿನ ವಾರವೇ ಬೀಗಿತ್ತಿಯಿಂದ ಒಂದು ಪಾರ್ಸಲ್ಲು ಬಂತು. ಒಳಗೆ ಗಾಜಿನ ಡಬ್ಬಿ, ಡಬ್ಬಿಯ ತುಂಬ ಕಂದು ಬಣ್ಣದ ಒಣಗಿದ ಪಟ್ಟಿಗಳು. ಬೇಸಿಗೆಯಲ್ಲಿ ಬಂದು ದಸರಾ ಮುಗಿಸಿಕೊಂಡು ಹೋಗುವುದೆಂದು ನಮ್ಮ ಅತ್ತೆ ಆಗ ನಮ್ಮ ಮನೆಯಲ್ಲೇ ಇದ್ದರು. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಉಪ್ಪುಕಂಡ ಕಣವ್ವ ಇದು. ಜಿಂಕೆದು," ಎಂದರು. ಅವರ ಕಾಲದಲ್ಲಿ ಹಬ್ಬದಲ್ಲಿ ಮಿಕ್ಕಿದ ಮಾಂಸಕ್ಕೆ ಉಪ್ಪು ಹಚ್ಚಿ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ತೂಗುಹಾಕುತ್ತಿದ್ದರಂತೆ. ಮುಚ್ಚಳ ತಿರುಗಿಸಲು ಕೈ ಹಾಕಿದರು.

"ಬೇಡ ಅತ್ತೆ. ಇನ್ನೂ ಮನೆ ನೋಡಿಲ್ಲ," ಎಂದೆ.

ಅತ್ತೆ ಕೈ ತೆಗೆದರು. ಆ ವಿಷಯವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಬ್ಬಿ ಅಕ್ಕಿ ಡ್ರಮ್ಮಿನ ಮೇಲಿನ ಶೆಲ್ಫಿಗೆ ಹೋಯಿತು. ಮಗಳು ವೀಕೆಂಡಿಗೆ ಬಂದವಳು ಅದನ್ನು ನೋಡಿ, "ಅಮ್ಮಾ, ಇಟ್ಸ್ ಜಸ್ಟ್ ಜರ್ಕಿ," ಎಂದಳು. ನಾನು ಡಬ್ಬಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದೆ. ಬಾಯಿ ಬಿಟ್ಟಿದ್ದರೆ ಅಡುಗೆಮನೆಯಲ್ಲಿ ಸಣ್ಣದೊಂದು ಕುರುಕ್ಷೇತ್ರ ಆಗುತ್ತಿತ್ತು.

ಬೇಟೆಯ ತಯಾರಿ ಎಂದರೆ ಕೋವಿ, ಗುಂಡು ಎಂದುಕೊಂಡಿದ್ದೆ. ಹಾಗಲ್ಲ, ಮುಕ್ಕಾಲು ಪಾಲು ನಕ್ಷೆ ನೋಡುವ ಕೆಲಸ. ನಾವು ಹೋಗಬೇಕಾಗಿದ್ದ ರ‍್ಯಾಂಚು ಬೀಗಿತ್ತಿಗೂ ಹೊಸದು. ಗಂಡ ಇದ್ದಾಗ ಮೈದುನನ ಜಮೀನಿನಲ್ಲಿ ಬೇಟೆಯಾಡುತ್ತಿದ್ದರು. ಅದು ಮಾರಿಹೋಗಿ, ಈ ಸಲ ದೂರದ ನೆಂಟರೊಬ್ಬರ ದನ ಮೇಯಿಸುವ ಜಮೀನಿನಲ್ಲಿ ಅನುಮತಿ ಸಿಕ್ಕಿತ್ತು. ಅವರಿದ್ದಲ್ಲಿಂದ ಅದು ಅರ್ಧ ದಿನದ ದಾರಿ. ಆಸ್ಪತ್ರೆ ಬಿಟ್ಟು ಮುಂಚೆಯೇ ಹೋಗಿ ನಡೆದಾಡಿ ಬರಲು ಅವರಿಗೆ ಬಿಡುವಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಅವರು ಅಲ್ಲಿ, ನಾನು ಇಲ್ಲಿ, ಮಧ್ಯೆ ಸ್ಕ್ರೀನಿನ ಮೇಲೆ ಉಪಗ್ರಹದಿಂದ ತೆಗೆದ ಆ ಜಮೀನು. ಬಿಸಿಲಿಗೆ ಒಣಗಿದ ಹುಲ್ಲು, ಚುಕ್ಕಿ ಇಟ್ಟಂತೆ ಓಕ್ ಮರಗಳು, ಹಾವಿನ ಹಾಗೆ ಹರಿದ ಒಂದು ಹಳ್ಳ.

ಬೀಗಿತ್ತಿ ಒಂದೊಂದೇ ಪ್ರಶ್ನೆ ಹಾಕುತ್ತಿದ್ದರು. ಜಿಂಕೆ ಹಗಲು ಎಲ್ಲಿ ಮಲಗುತ್ತದೆ? ಏನು ತಿನ್ನುತ್ತದೆ? ನೀರಿಗೆ ಎಲ್ಲಿಗೆ ಬರುತ್ತದೆ? ಮಲಗುವ ಜಾಗದಿಂದ ನೀರಿಗೆ ಯಾವ ದಾರಿ? ನನಗೆ ಒಳಗೊಳಗೇ ನಗು. ಇವರು ಜಿಂಕೆಯ ಮನೆ ನೋಡುತ್ತಿದ್ದಾರೆ, ನಾನು ಇವರ ಮನೆ ನೋಡುತ್ತಿದ್ದೇನೆ.

ಮೂರನೆಯದೋ ನಾಲ್ಕನೆಯದೋ ಭಾನುವಾರ ನಾನೂ ಬಾಯಿ ಬಿಟ್ಟೆ. ನನ್ನ ಕೆಲಸ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ತಪ್ಪು ಕಂಡರೆ ಹೇಳದೆ ಇರಲಾರೆ. ಬೇಲಿಯುದ್ದಕ್ಕೂ ಜಿಂಕೆ ದಾಟುವ ಕಂಡಿ ಯಾವುದೆಂದು ಅವರು ಹುಡುಕುತ್ತಿದ್ದರು. "ಹಳ್ಳ ಬೇಲಿಯ ಕೆಳಗೆ ಹಾದುಹೋಗುವ ಕಡೆ ನೋಡಿ," ಎಂದೆ. ಚಿಕ್ಕಂದಿನಲ್ಲಿ ನಮ್ಮಜ್ಜಿಯ ಕಬ್ಬಿನ ಗದ್ದೆಗೆ ಎಮ್ಮೆಗಳು ನುಗ್ಗುತ್ತಿದ್ದದ್ದೂ ಕಾಲುವೆ ಹಾಯುವ ಜಾಗದಲ್ಲೇ. ಅಲ್ಲಿ ಮಣ್ಣು ಕೊಚ್ಚಿ ಕಂಬ ಸಡಿಲವಾಗಿರುತ್ತದೆ. ಬೀಗಿತ್ತಿ ನಕ್ಷೆಯನ್ನು ಹತ್ತಿರಕ್ಕೆ ಎಳೆದು ಬಹಳ ಹೊತ್ತು ನೋಡಿದರು. ಆಮೇಲೆ "ಹ್ಞೂಂ" ಎಂದು ಅಲ್ಲೊಂದು ಕೆಂಪು ಗುರುತು ಇಟ್ಟರು. ಈ ಹ್ಞೂಂ ಹಳೆಯ ಹ್ಞೂಂಗಳಿಗಿಂತ ಒಂದಿಷ್ಟು ಉದ್ದವಾಗಿತ್ತು ಎಂದು ಸಂಜೆ ಗಂಡನಿಗೆ ವರದಿ ಒಪ್ಪಿಸಿದೆ.

ಕೊನೆಗೆ ಇಬ್ಬರಿಗೂ ಮನಸ್ಸಿಗೆ ಬಂದ ಜಾಗ ಒಂದು ಕಟ್ಟೆ. ದನಕ್ಕೆ ನೀರು ಕುಡಿಸಲು ತೋಡಿದ್ದು, ತಗ್ಗಿನಲ್ಲಿತ್ತು. ಹಳ್ಳ ಅಲ್ಲಿಗೆ ಬಂದು ಸೇರುತ್ತಿತ್ತು, ದಡದಲ್ಲಿ ಕಾಯಿ ಉದುರಿಸುವ ದೊಡ್ಡ ಓಕ್ ಮರಗಳಿದ್ದವು, ನಾನು ಹೇಳಿದ ಕಂಡಿಯೂ ಅಲ್ಲಿಗೆ ದೂರವಿರಲಿಲ್ಲ. ಬೀಗಿತ್ತಿ ಅವತ್ತು ಮೊದಲ ಸಲ ಗಂಡನ ಮಾತೆತ್ತಿದರು. "ನೀರು, ಮೇವು, ದಾರಿ ಮೂರೂ ಕೂಡುವ ಇಂಥ ಜಾಗಕ್ಕೆ ಅವರು ಆಯುಸ್ಸೆಲ್ಲ ಆಸೆಪಟ್ಟಿದ್ದರು. ಮೈದುನನ ಜಮೀನಿನಲ್ಲಿ ಇರಲಿಲ್ಲ," ಎಂದರು. ಕಟ್ಟೆಯ ಮೇಲೆ ಇಟ್ಟ ಗುರುತಿಗೆ ಅವರು ಗಂಡನ ಹೆಸರನ್ನೇ ಬರೆದರು. ಅವರ ಮೇಲೆ ನನಗೆ ಅಷ್ಟೊತ್ತಿಗೆ ಸ್ವಲ್ಪ ಪ್ರೀತಿ ಹುಟ್ಟಿತ್ತು. ಆದರೆ ಗಂಡನನ್ನು ನೆನೆಸಿಕೊಳ್ಳುವುದು ಬೇರೆ, ಸೊಸೆಯನ್ನು ಇಟ್ಟುಕೊಳ್ಳುವುದು ಬೇರೆ.

ಅಲುಗಾಡದೆ ಕೂರುವುದನ್ನು ಅಭ್ಯಾಸ ಮಾಡಿಕೊಳ್ಳಿ ಎಂದು ಅವರು ಹೇಳಿದ್ದರಿಂದ ಒಂದು ಶನಿವಾರ ಗಂಡನನ್ನು ಎಬ್ಬಿಸಿಕೊಂಡು ನಮ್ಮೂರಿಗೆ ಹತ್ತಿರದ ಫ್ರೀಮಾಂಟಿನ ಹಿಂದಿನ ಗುಡ್ಡಕ್ಕೆ ಹೋದೆ. ಅಲ್ಲಿರುವುದು ಕಪ್ಪುಬಾಲದ ಜಿಂಕೆ, ನಮ್ಮ ಬಿಳಿಬಾಲದ ಜಿಂಕೆಯ ದಾಯಾದಿ ಎನ್ನಬಹುದು. ಒಂದು ಬಂಡೆಗೆ ಒರಗಿ ಬೈನಾಕ್ಯುಲರು ಹಿಡಿದು ಕೂತೆ. ವಾಕಿಂಗಿಗೆ ಬಂದ ದೇಸಿ ಅಂಕಲ್ಲುಗಳು ಇವಳಿಗೇನಾಯಿತು ಎಂದು ತಿರುಗಿ ತಿರುಗಿ ನೋಡಿಕೊಂಡು ಹೋದರು. ಕೊನೆಗೂ ಕೆಳಗಿನ ಇಳಿಜಾರಿನಲ್ಲಿ ಎರಡು ಜಿಂಕೆ ಕಂಡವು. ನಾನು ಉಸಿರು ಬಿಗಿಹಿಡಿದೆ. ಆಗ ಹಿಂದಿನಿಂದ ಟಪ್ಪೆಂದು ಡಬ್ಬಿ ತೆರೆದ ಸದ್ದು. ನನ್ನ ಗಂಡನಿಗೆ ಹಸಿವಾಗಿತ್ತು. ಸದ್ದಿಗೆ ಜಿಂಕೆಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಗಾಳಿ ಮಾತ್ರ ನಮ್ಮ ಕಡೆಯಿಂದ ಕೆಳಕ್ಕೆ ಬೀಸುತ್ತಿತ್ತು. ಕೋಡುಬಳೆಯ ಇಂಗಿನ ವಾಸನೆ ತಲುಪಿದ್ದೇ ತಡ, ಎರಡೂ ತಲೆಯೆತ್ತಿ, ಮೂಗು ಅರಳಿಸಿ, ಗುಡ್ಡದ ಆಚೆಗೆ ಪರಾರಿ.

"ಅವಕ್ಕೂ ಒಂದೊಂದು ಕೊಡೋಣ ಅಂತಿದ್ದೆ," ಎಂದರು ನನ್ನ ಗಂಡ.

ಇದನ್ನು ತಮಾಷೆಗೆಂದು ಬೀಗಿತ್ತಿಗೆ ಹೇಳಿದ್ದೇ ತಪ್ಪಾಯಿತು. ಅವರು ನಗಲಿಲ್ಲ. ಮಾರನೆಯ ದಿನ ಮೆಸೇಜು ಬಂತು. ಬೇಟೆಯ ದಿನ ತೊಡುವ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆಯಿರಿ, ಹೊರಗೆ ಒಣಗಿಸಿ, ಒಣಗಿದ ಎಲೆಗಳ ಜೊತೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಅಡುಗೆಯ ವಾಸನೆ ತಾಗದಂತೆ ನೋಡಿಕೊಳ್ಳಿ.

ನನಗೆ ಮೂಗಿನ ತುದಿಯಲ್ಲೇ ಕೋಪ. ಓದಿದ ಕೂಡಲೇ ನೆತ್ತಿಗೇರಿತು. ಈ ದೇಶದಲ್ಲಿ ಇಷ್ಟು ವರ್ಷ ನಾನು ಮಾಡಿದ್ದಾದರೂ ಏನು? ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬಾಣಲೆಗೆ ಎಣ್ಣೆ ಬಿಟ್ಟ ಮೇಲೆ, ಸಾಸಿವೆ ಹಾಕುವ ಮುಂಚೆ, "ಒಗ್ಗರಣೆ!" ಎಂದು ಜೋರಾಗಿ ಕೂಗಬೇಕು. ಕೂಗಿದ ಕೂಡಲೇ ಯಾರು ಎಲ್ಲಿದ್ದರೂ ಎದ್ದು ಬೆಡ್‌ರೂಮಿನ ಬಾಗಿಲು, ಕೋಟುಗಳಿರುವ ಕ್ಲಾಸೆಟ್ಟಿನ ಬಾಗಿಲು ಹಾಕಬೇಕು, ಬಟ್ಟೆಗೆ ವಾಸನೆ ಹತ್ತಬಾರದು. ನನ್ನ ಆಫೀಸಿನ ಕೋಟಂತೂ ಮನೆಯೊಳಗೇ ಬರುವುದಿಲ್ಲ, ಕಾರಿನಲ್ಲೇ ಅದರ ವಾಸ. ಮಗಳು ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಅಂಗೈಯಗಲದ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುವಾಗಲೂ "ಒಗ್ಗರಣೆ!" ಎಂದು ಕೂಗುತ್ತಾಳಂತೆ. ಕನ್ನಡದಲ್ಲಿ ಅವಳು ತಪ್ಪಿಲ್ಲದೆ ಹೇಳುವ ಪದಗಳಲ್ಲಿ ಅದೊಂದು.

"ಈಗಲೇ ವಾಸನೆ ಅಂತಿದಾರೆ. ನಾಳೆ ನನ್ನ ಮಗಳು ಆ ಮನೇಲಿ ಸಾರಿಗೆ ಒಗ್ಗರಣೆ ಹಾಕಿದ್ರೆ ಏನಂತಾರೆ? ಮೈ ತೊಳ್ಕೊಂಡು ಬಾ ಅಂತಾರಾ?"

"ಅದು ಜಿಂಕೆಗೋಸ್ಕರ ಹೇಳಿದ್ದು ಕಣೇ. ಬೇಟೆಗೆ ಹೋಗೋರಿಗೆಲ್ಲ ಹೇಳ್ತಾರೆ," ಎಂದರು ಗಂಡ.

ಅದು ನನಗೂ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು. ನನ್ನ ಮಗಳು ಜೀವನವಿಡೀ ಇನ್ನೊಬ್ಬರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಗ್ಗರಣೆ ಹಾಕುವುದೇ ಕಣ್ಣ ಮುಂದೆ ಬಂತು. ಆದರೂ ಛಲಕ್ಕೆ ಬಿದ್ದು ಹೇಳಿದ್ದನ್ನೆಲ್ಲ ಮಾಡಿದೆ. ಜಾಕೆಟ್ಟು, ಪ್ಯಾಂಟು, ಟೋಪಿಯನ್ನು ಒಗೆದು ಬಾಲ್ಕನಿಯಲ್ಲಿ ಒಣಗಿಸಿದೆ. ಪಾರ್ಕಿಂಗಿನ ಓಕ್ ಮರದ ಕೆಳಗಿಂದ ಎಲೆ ಆರಿಸಿ ತಂದೆ. ಬೈನಾಕ್ಯುಲರನ್ನೂ ಸೇರಿಸಿ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು, ಬೂಟನ್ನು ಮಾತ್ರ ಪಕ್ಕದಲ್ಲಿ ಬೇರೆ ಚೀಲದಲ್ಲಿಟ್ಟೆ. ಯಾರೂ ಮುಟ್ಟಕೂಡದು ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದೆ.

ಆಯುಧಪೂಜೆಯ ದಿನ ನನಗೆ ರಜೆ ಇರಲಿಲ್ಲ. ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ ಮನೆಯೆಲ್ಲ ಸಾಂಬ್ರಾಣಿ ಹೊಗೆ. ನನ್ನ ಗಂಡ ಸ್ಟೂಲಿನ ಮೇಲೆ ನಿಂತು ಸ್ಮೋಕ್ ಅಲಾರಮ್ಮಿಗೆ ಟವೆಲಿನಲ್ಲಿ ಗಾಳಿ ಹಾಕುತ್ತಿದ್ದರು. ನಡುಮನೆಯಲ್ಲಿ ಮಣೆ ಹಾಕಿ ಅತ್ತೆ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಮಿಕ್ಸಿ, ಈಳಿಗೆ ಮಣೆ, ನನ್ನ ಮನೆ ಲ್ಯಾಪ್‌ಟಾಪು, ಗಂಡನ ಡ್ರಿಲ್ಲಿಂಗ್ ಮಷೀನು. ಎಲ್ಲಕ್ಕಿಂತ ಮುಂದೆ, ಒಳ್ಳೆಯ ಮಣೆಯ ಮೇಲೆ, ನನ್ನ ಬೇಟೆಯ ಜಾಕೆಟ್ಟು, ಪ್ಯಾಂಟು, ಟೋಪಿ, ಬೈನಾಕ್ಯುಲರು. ಜಾಕೆಟ್ಟಿನ ಎದೆಯ ಮೇಲೆ ಅರಿಶಿನ ಕುಂಕುಮ. ಟೋಪಿಯ ಮೇಲೆ ಸೇವಂತಿಗೆ. ಅತ್ತೆ ಹೊಗೆಯ ಬಟ್ಟಲನ್ನು ಜಾಕೆಟ್ಟಿನ ತೋಳಿನೊಳಗೂ ಒಂದು ಸುತ್ತು ಆಡಿಸುತ್ತಿದ್ದರು.

"ಅತ್ತೆ, ಏನು ಮಾಡ್ತಿದೀರ?"

"ಕಾಣದ ಕಾಡಿಗೆ ಹೋಯ್ತಿದ್ದೀಯ ಕಣಮ್ಮಿ. ಕೋವಿ ಪಕ್ಕದಲ್ಲಿ ಕೂರ್ತೀಯ. ನಿನ್ ಮೈಮ್ಯಾಲೆ ಇರದೆಲ್ಲ ಆಯುಧನೇಯ. ಮೆಟ್ಟು ಒಂದ ಬುಟ್ಟಿವ್ನಿ," ಎಂದರು.

ಹಾಗೆ ಬೂಟು ಮಾತ್ರ ಬಚಾವಾಗಿತ್ತು. ಅತ್ತೆಯನ್ನು ಬೈಯಲು ನಾಲಿಗೆ ತುದಿಗೆ ಬಂದ ಮಾತು ಅವರ ಮುಖ ನೋಡಿ ಹಿಂದಕ್ಕೆ ಹೋಯಿತು. ಆ ಮುದುಕಿಗೆ ನಿಜವಾಗಿ ಭಯವಾಗಿತ್ತು. ನಾನು ತಲೆ ಬಗ್ಗಿಸಿ ಕುಂಕುಮ ಇಡಿಸಿಕೊಂಡೆ.

ರಾದ್ಧಾಂತ ಶುರುವಾದದ್ದು ಆಮೇಲೆ. ಮತ್ತೆ ಒಗೆದುಬಿಡೋಣ ಎಂದರು ಗಂಡ. ಪೂಜೆ ಮಾಡಿದ್ದನ್ನು ಕೆಲಸ ಮುಗಿಯುವ ಮುಂಚೆ ತೊಳೆಯುವುದುಂಟೇ ಎಂದು ಅತ್ತೆ ಮುಖ ಸಣ್ಣ ಮಾಡಿಕೊಂಡರು. ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಬೈ ಅನದರ್ ಒನ್. ಡೋಂಟ್ ಟೆಲ್ ಹರ್, ಓಕೆ?" ಎಂದಳು. ಕೊನೆಯ ಆ ಮಾತು ನನ್ನನ್ನು ಚುಚ್ಚಿತು. ತನಗೆ ಅತ್ತೆಯಾಗುವವರಿಗೆ ಹೇಳಬೇಡ ಎನ್ನುವುದನ್ನು ನನ್ನ ಮಗಳು ಆಗಲೇ ಕಲಿತುಬಿಟ್ಟಿದ್ದಾಳೆ, ಮದುವೆಗೂ ಮುಂಚೆ. ಹೊಸ ಜಾಕೆಟ್ಟು ತರುವುದು ಕಷ್ಟವಲ್ಲ. ಮುಚ್ಚಿಟ್ಟು ಹೋದರೆ ಮಾತ್ರ ನಾನು ಮನೆ ನೋಡಿದ ಹಾಗಾಗುವುದಿಲ್ಲ. ಹೇಳಿಬಿಡುವುದೆಂದು ತೀರ್ಮಾನಿಸಿದೆ. ಅವರೇನಾದರೂ ಮುಖ ಸಿಂಡರಿಸಿದರೆ ಮಗಳಿಗೆ ನೇರವಾಗಿ ಹೇಳುವುದು, ಬಾಡಿಗೆ ಎಷ್ಟಾದರೂ ಸರಿ, ಬೇರೆ ಮನೆ ಮಾಡಿ ಎಂದು.

ಭಾನುವಾರದ ವಿಡಿಯೋ ಕಾಲಿಗೆ ನಾನು ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಜಗಳಕ್ಕೆ ಸೊಂಟ ಕಟ್ಟಿದವಳ ಹಾಗೆ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿ, ಕುಂಕುಮವನ್ನು ಕ್ಯಾಮೆರಾಕ್ಕೆ ಹಿಡಿದೆ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುವವರಂತೆ ನಟಿಸುತ್ತಿದ್ದರು.

ಬೀಗಿತ್ತಿ ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿ ಕುಂಕುಮ ನೋಡಿದರು. ಆಮೇಲೆ, "ಆ ಪೂಜೆಯಲ್ಲಿ ಏನೆಂದು ಕೇಳಿಕೊಳ್ಳುತ್ತಾರೆ?" ಎಂದರು.

"ನಮಗಾಗಿ ದುಡಿಯುವ ವಸ್ತುಗಳಿಗೆ ವರ್ಷಕ್ಕೊಂದು ದಿನ ಕೈಮುಗಿಯುತ್ತೇವೆ. ಅವುಗಳಿಂದ ನಮಗೆ ಕೇಡಾಗದಿರಲಿ ಎಂದು ಕೇಳಿಕೊಳ್ಳುತ್ತೇವೆ. ನನ್ನನ್ನು ಸುರಕ್ಷಿತವಾಗಿ ಮನೆಗೆ ಕರೆತರಲಿ ಅಂತ ನಮ್ಮತ್ತೆ ಕೇಳಿಕೊಂಡಿದ್ದಾರೆ," ಎಂದೆ.

ಅವರು "ಹ್ಞೂಂ" ಎಂದರು. ಸ್ಕ್ರೀನಿನ ಮೇಲೆ ನಕ್ಷೆ ಬಂತು. ಕಟ್ಟೆಯ ಮೇಲಿದ್ದ, ಅವರ ಗಂಡನ ಹೆಸರಿದ್ದ ಗುರುತು ನಿಧಾನವಾಗಿ ಮೇಲಕ್ಕೆ ಸರಿಯತೊಡಗಿತು. ತಗ್ಗು ಬಿಟ್ಟಿತು, ಓಕ್ ಮರಗಳನ್ನು ಬಿಟ್ಟಿತು, ಬೋಳು ದಿಣ್ಣೆಯೊಂದರ ನೆತ್ತಿಗೆ ಹೋಗಿ ನಿಂತಿತು.

"ಕಟ್ಟೆಯ ತಗ್ಗಿನಲ್ಲಿ ಗಾಳಿ ಸುಳಿ ತಿರುಗುತ್ತದೆ, ನಮ್ಮ ವಾಸನೆ ನಾಲ್ಕೂ ಕಡೆ ಹರಡುತ್ತದೆ. ಈ ದಿಣ್ಣೆಯ ಮೇಲೆ ಹಾಗಲ್ಲ. ಗಾಳಿ ಒಂದೇ ಸಮ ಬೀಸಿ ಬೆನ್ನ ಹಿಂದಿನ ರಸ್ತೆಗೆ ಹೋಗುತ್ತದೆ. ಇಲ್ಲಿ ಕೂರೋಣ."

"ಅಲ್ಲಿ ಜಿಂಕೆ ಬರುತ್ತವೆಯೇ?"

"ಕಡಿಮೆ. ಬಂದರೂ ದೂರದಲ್ಲಿ."

"ಕಟ್ಟೆ ನಿಮಗೆ ಬೇಕಾದ ಜಾಗ. ನಾನು ಒಗೆದುಕೊಂಡು ಬರುತ್ತೇನೆ. ಒಂದು ಜಾಕೆಟ್ಟು ತಾನೇ," ಎಂದೆ. ಜಗಳಕ್ಕೆ ಬಂದವಳು ನಾನು, ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ.

"ಒಗೆಯಬೇಡಿ," ಎಂದರು ಬೀಗಿತ್ತಿ. "ನಿಮ್ಮನ್ನು ಮನೆಗೆ ಕರೆತರಲಿ ಎಂದು ಹಿರಿಯರು ಕೇಳಿಕೊಂಡದ್ದನ್ನು ಒಂದು ಜಿಂಕೆಗೋಸ್ಕರ ತೊಳೆಯುವುದೇ? ನಾವು ಕೂರುವ ಜಾಗ ಬದಲಾಯಿಸಿದರಾಯಿತು."

ಅಷ್ಟು ಹೇಳಿ ಅವರು ದಿಣ್ಣೆಗೆ ಯಾವ ದಾರಿಯಿಂದ ಹತ್ತಬೇಕೆಂದು ಹುಡುಕತೊಡಗಿದರು. ನಾನು ನಕ್ಷೆ ನೋಡುತ್ತಿದ್ದೇನೆಂದು ಅವರು ತಿಳಿದುಕೊಂಡಿರಬೇಕು. ನನಗೆ ನಕ್ಷೆ ಕಾಣುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. ನನ್ನ ಮಟ್ಟಿಗೆ ಮನೆ ನೋಡಿ ಆಗಿತ್ತು.

ಕಾಲ್ ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದೆ. "ನಿಮ್ಮತ್ತೆಗೆ ಎಲ್ಲಾ ಹೇಳ್ದೆ. ನೀನೂ ಏನಿದ್ರೂ ಹೇಳ್ಬಿಡು, ಮುಚ್ಚಿಡ್ಬೇಡ," ಎಂದೆ. "ಓಕೆ ಅಮ್ಮಾ," ಎಂದಳು.

ಅಡುಗೆಮನೆಗೆ ಹೋಗಿ ಶೆಲ್ಫಿನ ಮೇಲಿದ್ದ ಗಾಜಿನ ಡಬ್ಬಿ ಇಳಿಸಿದೆ. ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದವರು ಕೈ ಒರೆಸಿಕೊಂಡು ಹತ್ತಿರ ಬಂದರು. ಮುಚ್ಚಳ ಬಿಗಿಯಾಗಿತ್ತು, ಗಂಡ ತೆಗೆದುಕೊಟ್ಟರು. ಅತ್ತೆಗೊಂದು ಪಟ್ಟಿ ಕೊಟ್ಟು ನಾನೊಂದು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿ ಅಗಿಯಬೇಕಾಗಿತ್ತು.

"ಹೆಂಗದೆ ಬೀಗರ ಮನೆದು?" ಎಂದು ಅತ್ತೆ ಕೇಳಿದರು.

"ಖಾರ ಕಮ್ಮಿ," ಎಂದೆ. ಇನ್ನೊಂದು ಪಟ್ಟಿ ತೆಗೆದುಕೊಂಡೆ.